ಗೋವಿನಜೋಳದ ಗರಿ, ಅವ್ವನ ಕಣ್ಣು

ಗೋವಿನಜೋಳದ ತೆನೆ ಮುರಿಯುವಾಗ ಒಣಗಿದ ಗರಿ ಕಣ್ಣಿಗೆ ಬಡಿಯುವುದು ನಮ್ಮ ಹಾವೇರಿ ಕಡೆ ಸುದ್ದಿಯೇ ಅಲ್ಲ. ಕೈತುಂಬ ಗೀರು ಬೀಳುತ್ತವೆ, ಕುತ್ತಿಗೆಯಲ್ಲಿ ದೂಳು ಕೂತು ತುರಿಸುತ್ತದೆ, ಕಣ್ಣಿಗೂ ಒಮ್ಮೊಮ್ಮೆ ತಾಗುತ್ತದೆ. ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ, ಕಣ್ಣಿಗೆ ನಾಲ್ಕು ಸಲ ಒತ್ತಿಕೊಂಡು ಮತ್ತೆ ಸಾಲು ಹಿಡಿಯುತ್ತಾರೆ. ನಮ್ಮವ್ವನೂ ಅದನ್ನೇ ಮಾಡಿದಳು. ಸಂಜೆ ಮನೆಗೆ ಬಂದು ರೊಟ್ಟಿಯನ್ನೂ ಬಡಿದಳಂತೆ.

ಆಮೇಲೆ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಹೊಲಕ್ಕೆ, ತೋಟಕ್ಕೆ, ಗದ್ದೆಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಓದಿ, ಅವರಿಗೂ ಓದಿ ಹೇಳಿ.

ನಾನು ಕೆಲಸಕ್ಕೆ ಇರುವುದು ಹುಬ್ಬಳ್ಳಿಯಲ್ಲಿ. ಅವ್ವ ಫೋನಿನಲ್ಲಿ ಕಣ್ಣಿನ ವಿಷಯ ಎತ್ತಲೇ ಇಲ್ಲ. ಮಳೆ, ಜೋಳದ ರೇಟು, ಎಮ್ಮೆ ಹಾಲು, ಇವೇ ಮಾತು. ಹೇಳಿದವಳು ಅತ್ತಿಗೆ. ಅದೂ ಪಿಸುಮಾತಿನಲ್ಲಿ: "ಅತ್ತಿ ಕಣ್ಣು ಕೆಂಡದಂಗ ಆಗೈತಿ ನೋಡ, ನಿನಗ ಹೇಳಬ್ಯಾಡ ಅಂದಾರ." ಅಷ್ಟೊತ್ತಿಗೆ ವಾರ ಕಳೆದಿತ್ತು. ಮೊದಲು ಹರಳೆಣ್ಣೆ ಬಿಟ್ಟಿದ್ದರು. ಅದಕ್ಕೆ ಕಡಿಮೆಯಾಗದಿದ್ದಾಗ ಪಕ್ಕದ ಮನೆ ಬಾಣಂತಿಯ ಎದೆಹಾಲು. ಅದೂ ಆಗದಿದ್ದಾಗ ಅಣ್ಣ ಮೆಡಿಕಲ್ ಶಾಪಿಗೆ ಹೋಗಿ, "ಕಣ್ಣು ಕೆಂಪಾಗೈತಿ, ಹನಿ ಕೊಡ್ರಿ" ಎಂದು ಕೇಳಿ ಒಂದು ಸಣ್ಣ ಬಾಟಲಿ ತಂದಿದ್ದ. ಡಾಕ್ಟರ ಚೀಟಿ ಇರಲಿಲ್ಲ. ಅಲ್ಲಿ ಯಾರೂ ಕೇಳಲೂ ಇಲ್ಲ.

ವಿಚಿತ್ರ ಅಂದರೆ ಆ ಹನಿ ಬಿಟ್ಟ ಮೇಲೆ ಕಣ್ಣು ಬೆಳ್ಳಗಾಯಿತು. ಉರಿಯೂ ಇಳಿಯಿತು. "ಎಷ್ಟ್ ಛಲೋ ಔಷಧ" ಅಂತ ಅವ್ವ ಖುಷಿಯಾಗಿ ಮತ್ತೆ ಹೊಲಕ್ಕೆ ಹೋದಳು. ಎರಡು ಮೂರು ದಿನಕ್ಕೆ ನೋವು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ, ನೀರು ಸುರಿಯುತ್ತಿತ್ತು. ಕರೆಂಟಿನ ಬಲ್ಬ್ ನೋಡಿದರೂ ಮುಖ ತಿರುಗಿಸುತ್ತಿದ್ದಳು.

ವಿಡಿಯೋ ಕಾಲ್ ಮಾಡಿಸಿ ಅಣ್ಣನಿಗೆ ಟಾರ್ಚ್ ಹಿಡಿಯಲು ಹೇಳಿದೆ. ಕರಿಗುಡ್ಡೆಯ ಮೇಲೆ, ನಡುವಿಗಿಂತ ಸ್ವಲ್ಪ ಕೆಳಗೆ, ಒಂದು ಮಬ್ಬು ಬಿಳಿ ಚುಕ್ಕೆ. ಅದರ ಅಂಚು ಚೂಪಾಗಿರಲಿಲ್ಲ, ಸುತ್ತ ಹರಡಿದ ಹಾಗಿತ್ತು. ಅಂಥದ್ದು ಮದ್ರಾಸ್ ಐ ಅಲ್ಲ ಅಂತ ನನಗೂ ಅನ್ನಿಸಿತು. ಕಣ್ಣು ಬಂದಾಗ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಹಬ್ಬುತ್ತದೆ, ಪಿಸರು ಬರುತ್ತದೆ, ರೆಪ್ಪೆ ಅಂಟಿಕೊಳ್ಳುತ್ತದೆ, ಆದರೆ ದೃಷ್ಟಿ ಅಷ್ಟಾಗಿ ಮಂಜಾಗುವುದಿಲ್ಲ. ಇಲ್ಲಿ ಒಂದೇ ಕಣ್ಣು, ಅದಕ್ಕೆ ಪೆಟ್ಟು ಬಿದ್ದದ್ದೂ ಗೊತ್ತು, ಮೇಲೆ ಬಿಳಿ ಚುಕ್ಕೆ. "ಆ ಹನಿ ಬಾಟಲಿ ಬಿಸಾಕಬೇಡ, ಜೊತೆಗೆ ತಗೊಂಡು ಮೊದಲ ಬಸ್ಸಿಗೆ ಹೊರಡು" ಎಂದೆ. ಬಾಟಲಿ ತರಿಸಿದ್ದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆ. ಚೀಟಿ, ಸರತಿ, ಮತ್ತೆ ಸರತಿ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅತಿ ದೊಡ್ಡದನ್ನೂ ಅವ್ವ ಆ ಕಣ್ಣಿನಿಂದ ಗುರುತಿಸಲಿಲ್ಲ. ಹತ್ತಿರ ಹಿಡಿದ ಬೆರಳುಗಳನ್ನು ಮಾತ್ರ ಎಣಿಸಿದಳು. ಆಗ ನನಗೆ ನಿಜವಾಗಿ ಭಯವಾಯಿತು. ಪರೀಕ್ಷೆ ಮಾಡಿದ ಹುಡುಗಿ ಕೇಸ್ ಶೀಟಿನ ಮೇಲೆ ಏನೋ ಬರೆದು ನಮ್ಮನ್ನು ಸರತಿ ಬಿಟ್ಟು ನೇರ ಒಳಗೆ ಕಳಿಸಿದಳು. ಆಸ್ಪತ್ರೆಯಲ್ಲಿ ಸರತಿ ಮುರಿದು ಕರೆದರೆ ಖುಷಿಪಡುವ ಹಾಗಿಲ್ಲ, ಅಲ್ವಾ.

ಒಳಗೆ ಡಾಕ್ಟರು ಗದ್ದವನ್ನು ಸ್ಲಿಟ್ ಲ್ಯಾಂಪಿನ, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದ, ಪಟ್ಟಿಯ ಮೇಲೆ ಇಡಿಸಿದರು. ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿಯ ತುದಿಯನ್ನು ಒದ್ದೆ ಮಾಡಿ ಕೆಳರೆಪ್ಪೆಯ ಒಳಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಪಕ್ಕದ ಪರದೆಯ ಮೇಲೆ ನನಗೂ ಕಂಡಿತು. ಎಲ್ಲಿ ಮೇಲಿನ ಪದರ ಕಿತ್ತುಹೋಗಿತ್ತೋ ಅಷ್ಟು ಜಾಗ ಹಸಿರಾಗಿ ಹೊಳೆಯುತ್ತಿತ್ತು. ನೀಲಿ ಬೆಳಕು ತೆಗೆದು ಬಿಳಿ ಬೆಳಕು ಬಿಟ್ಟಾಗ ಹುಣ್ಣು ಒಣಒಣವಾಗಿ, ಸ್ವಲ್ಪ ಉಬ್ಬಿಕೊಂಡು, ಅಂಚಿನಲ್ಲಿ ಎಳೆ ಎಳೆಯಾಗಿ ಚಾಚಿಕೊಂಡಿತ್ತು. ಕರಿಗುಡ್ಡೆಯ ಹಿಂದೆ, ಕೆಳಭಾಗದಲ್ಲಿ ಕೀವು ಒಂದು ತೆಳು ಗೆರೆಯಾಗಿ ಕೂತಿತ್ತು.

"ಏನು ಬಡಿದಿತ್ತು?"

"ಜೋಳದ ಗರಿ ರೀ."

"ಏನೇನು ಹಾಕಿದಿರಿ?"

ಅವ್ವ ಸುಮ್ಮನೆ ಕೂತಳು. ಅಣ್ಣ ಬಾಟಲಿ ಕೊಟ್ಟ. ಡಾಕ್ಟರು ಅದನ್ನು ತಿರುಗಿಸಿ, ಅತಿ ಸಣ್ಣ ಅಕ್ಷರದಲ್ಲಿದ್ದ ಒಂದು ಹೆಸರಿನ ಮೇಲೆ ಪೆನ್ನಿನಿಂದ ಗೀಟು ಎಳೆದು ನಮ್ಮ ಮುಂದೆ ಇಟ್ಟರು. ಡೆಕ್ಸಾಮೆಥಾಸೋನ್. ಅದು ಸ್ಟೀರಾಯ್ಡ್. ಒಂದು ಆಂಟಿಬಯಾಟಿಕ್ ಜೊತೆ ಅದನ್ನು ಸೇರಿಸಿದ ಹನಿ. ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪೊರೆ, ಕಾರ್ನಿಯಾ, ಗಡಿಯಾರದ ಗಾಜಿನ ಹಾಗೆ. ನಡುವಿನಲ್ಲಿ ದಪ್ಪ ಅರ್ಧ ಮಿಲಿಮೀಟರಿನಷ್ಟು. ಅದರಲ್ಲಿ ರಕ್ತನಾಳಗಳಿಲ್ಲ, ಅದಕ್ಕೇ ಅದು ಅಷ್ಟು ತಿಳಿಯಾಗಿದೆ. ಮೇಲಿನ ತೆಳು ಪದರ ಗಟ್ಟಿಯಾಗಿದ್ದರೆ ಮಣ್ಣಿನ, ಎಲೆಯ, ಹೊಟ್ಟಿನ ಮೇಲಿನ ಫಂಗಸ್, ಅಂದರೆ ಬೂಷ್ಟು, ಒಳಗೆ ಹೋಗಲಾರದು. ಗರಿಯ ಅಂಚು ಆ ಪದರವನ್ನು ಗೀರುತ್ತದೆ, ಅದೇ ಗರಿಯ ಮೇಲಿದ್ದ ಫಂಗಸ್ ಆ ಗೀರಿನಲ್ಲಿ ಇಳಿಯುತ್ತದೆ. ಮೊದಲ ದಿನಗಳಲ್ಲಿ ಅದು ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಕಣ್ಣು ನೋಡಿದರೆ ಗಾಬರಿಯಾಗುತ್ತದೆ, ಆದರೆ ರೋಗಿಗೆ ಅಷ್ಟು ನೋವೇ ಇರುವುದಿಲ್ಲವಂತೆ. ಸ್ಟೀರಾಯ್ಡ್ ಹನಿ ಕೆಂಪು ಇಳಿಸುತ್ತದೆ, ಊತ ಇಳಿಸುತ್ತದೆ, ಅಂದರೆ ಫಂಗಸ್ ಜೊತೆ ಹೋರಾಡಬೇಕಾದ ನಮ್ಮ ದೇಹದ ಶಕ್ತಿಯನ್ನೇ ಆ ಜಾಗದಲ್ಲಿ ಕುಗ್ಗಿಸುತ್ತದೆ. ಕಣ್ಣು ಬೆಳ್ಳಗಾದ ಆ ಎರಡು ಮೂರು ದಿನ ಫಂಗಸ್‌ಗೆ ಸುಗ್ಗಿ.

ಅಣ್ಣನ ಮುಖ ನೋಡಲಾಗಲಿಲ್ಲ. ಡಾಕ್ಟರು ಅವನನ್ನು ಬೈಯಲಿಲ್ಲ. "ದಿನಾ ಇಂಥ ಬಾಟಲಿ ನೋಡ್ತೇವ್ರಿ" ಎಂದರು ಅಷ್ಟೇ.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. ಮೊದಲು ಸಕ್ಕರೆ ಕಾಯಿಲೆ ಪರೀಕ್ಷೆ. ಆಮೇಲೆ ಕಣ್ಣೀರಿನ ನಾಳ ತೆರೆದಿದೆಯಾ ಅಂತ ನೋಡಲು ರೆಪ್ಪೆಯ ಮೂಲೆಯ ಸಣ್ಣ ರಂಧ್ರದಲ್ಲಿ ಮೊಂಡು ಸೂಜಿಯಿಂದ ಉಪ್ಪುನೀರು ಬಿಟ್ಟರು. "ಗಂಟಲಿಗೆ ಉಪ್ಪು ಬಂತೇನಮ್ಮಾ?" ಅಂತ ಕೇಳಿದರು. "ಬಂತ್ರಿ" ಅಂದಳು. ನಾಳ ಕಟ್ಟಿಕೊಂಡಿದ್ದರೆ ಅಲ್ಲೇ ಕೀವು ನಿಂತು ಕಣ್ಣಿಗೆ ಸೋಂಕು ಕೊಡುತ್ತಲೇ ಇರುತ್ತದಂತೆ. ಸದ್ಯ, ಎರಡರಲ್ಲೂ ತೊಂದರೆ ಇರಲಿಲ್ಲ.

ನಂತರ ಕೆರೆದು ತೆಗೆಯುವ ಕೆಲಸ. ಇದನ್ನು ಕೇಳಿಯೇ ಅರ್ಧ ಜನ ಓಡಿಹೋಗುತ್ತಾರೆ, ಅದಕ್ಕೆ ವಿವರವಾಗಿ ಬರೆಯುತ್ತೇನೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ, ತಲೆ ಅಲುಗದಂತೆ ನರ್ಸ್ ಹಿಂದಿನಿಂದ ಹಿಡಿದುಕೊಂಡರು. ಡಾಕ್ಟರು ಒಂದು ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚನ್ನೂ ತಳವನ್ನೂ ಹಗುರವಾಗಿ ಕೆರೆದು ಗಾಜಿನ ಪಟ್ಟಿಗಳ ಮೇಲೆ ಹಚ್ಚಿದರು. ಬಿಳಿ ಪುಡಿಯಂಥ ಚೂರು, ಸಾಸಿವೆಗಿಂತ ಸಣ್ಣದು. ಕೊನೆಗೆ ಉಳಿದದ್ದನ್ನು ದುಂಡಗಿನ ತಟ್ಟೆಗಳಲ್ಲಿದ್ದ ಜೆಲ್ಲಿಯ ಮೇಲೆ ಇಂಗ್ಲಿಷ್ ಸಿ ಅಕ್ಷರದ ಆಕಾರದಲ್ಲಿ ಸಾಲುಸಾಲಾಗಿ ಗೀಚಿದರು. ಯಾಕೆ ಹೀಗೆ ಅಂತ ಕೇಳಿದೆ. ಆ ಸಿ ಗೀಟಿನ ಮೇಲೆ ಬೆಳೆದರೆ ಅದು ಕಣ್ಣಿನಿಂದ ಬಂದದ್ದು, ಬೇರೆ ಕಡೆ ಬೆಳೆದರೆ ಗಾಳಿಯಿಂದ ಬಿದ್ದದ್ದು ಅಂತ ಗೊತ್ತಾಗುತ್ತದೆ ಎಂದರು. ಇಷ್ಟು ಸರಳ ಉಪಾಯ ನೋಡಿ ನನಗೆ ಆ ಗಡಿಬಿಡಿಯಲ್ಲೂ ಮೆಚ್ಚುಗೆಯಾಯಿತು.

ನೋವಾಯಿತಾ ಅಂತ ಆಮೇಲೆ ಕೇಳಿದರೆ ಅವ್ವ, "ನೋವಿಲ್ಲ, ಆದರ ಬ್ಲೇಡು ಕಣ್ಣಿಗೆ ಬರೋದು ಕಾಣ್ತೈತಲ್ಲ, ಜೀವ ಬಾಯಿಗೆ ಬರ್ತೈತಿ" ಎಂದಳು. ನನ್ನ ಮುಂಗೈ ಮೇಲೆ ಅವಳ ಉಗುರಿನ ಗುರುತು ಮರುದಿನವೂ ಇತ್ತು.

ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಊಟದ ಹೊತ್ತಿಗೆ ಫಲಿತಾಂಶ ಬಂತು: ಫಂಗಸ್. ಯಾವ ಜಾತಿಯದು ಎಂದು ತಟ್ಟೆಯಲ್ಲಿ ಬೆಳೆದ ಮೇಲೆ ಕೆಲವು ದಿನ ಬಿಟ್ಟು ಹೇಳಿದರು, ಫ್ಯುಸೇರಿಯಂ. ಜೋಳ, ಭತ್ತ, ಕಬ್ಬು ಎಲ್ಲದರ ಮೇಲೂ, ಮಣ್ಣಿನಲ್ಲೂ ಇರುವ ಜಾತಿ. ನಮ್ಮ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಇಂಥ ಹುಣ್ಣಿಗೆ ಇದೂ ಆಸ್ಪರ್ಜಿಲಸ್ ಎಂಬ ಇನ್ನೊಂದೂ ಮುಖ್ಯ ಕಾರಣ.

ಔಷಧ ನಾಟಾಮೈಸಿನ್, 5 ಶೇಕಡಾ. ಹಾಲಿನ ಬಣ್ಣದ ಹನಿ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸದಿದ್ದರೆ ಔಷಧವೆಲ್ಲ ತಳದಲ್ಲೇ ಕೂತಿರುತ್ತದೆ, ಬರೀ ನೀರು ಕಣ್ಣಿಗೆ ಬೀಳುತ್ತದೆ. ಮೊದಲ ದಿನಗಳಲ್ಲಿ ಗಂಟೆಗೊಂದು ಹನಿ, ಹಗಲೂ ರಾತ್ರಿಯೂ. ಜೊತೆಗೆ ಪಾಪೆ ಅಗಲ ಮಾಡಿ ನೋವು ಇಳಿಸುವ ಇನ್ನೊಂದು ಹನಿ. ಅದು ಹಾಕಿದ ಮೇಲೆ ಕಣ್ಣು ಇನ್ನೂ ಮಂಜಾಗುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದರು. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಕೆಲವು ದಿನ ಅಡ್ಮಿಟ್ ಮಾಡಿಸಿದೆವು. ಆಮೇಲೆ ನನ್ನ ಬಾಡಿಗೆ ರೂಮಿಗೆ ಕರೆದುಕೊಂಡು ಬಂದೆ. ರಾತ್ರಿ ಅಲಾರಂ ಇಟ್ಟುಕೊಂಡು ಏಳುವುದು. ಸೋಪು ಹಚ್ಚಿ ಕೈ ತೊಳೆಯುವುದು. ಬಾಟಲಿ ಅಲುಗಾಡಿಸುವುದು. ಕೆಳರೆಪ್ಪೆ ಎಳೆದು, ಬಾಟಲಿಯ ಮೂತಿ ರೆಪ್ಪೆಗೆ ತಾಗದ ಹಾಗೆ ಒಂದು ಹನಿ. ಅವ್ವ ನಿದ್ದೆಯಲ್ಲೇ ಗದ್ದ ಮೇಲೆತ್ತುತ್ತಿದ್ದಳು. ಬೆಳಗ್ಗೆ ನೋಡಿದರೆ ರೆಪ್ಪೆಗೂದಲಿಗೆಲ್ಲ ಬಿಳಿ ಔಷಧ ಒಣಗಿ ಅಂಟಿರುತ್ತಿತ್ತು. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಸೆರಗಿನಿಂದಲ್ಲ. ಸೆರಗು ಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಅಭ್ಯಾಸದ ಬಲ, ಏನು ಮಾಡುವುದು.

ಒಂದು ಬಾಟಲಿಯಲ್ಲಿ 5 ಮಿಲಿ. ಈ ಲೆಕ್ಕದಲ್ಲಿ ಹಾಕಿದರೆ ಬೇಗ ಖಾಲಿಯಾಗುತ್ತದೆ. ಊರಿಗೆ ವಾಪಸ್ ಹೋಗುವವರು ಮೊದಲೇ ಲೆಕ್ಕ ಹಾಕಿ ಹೆಚ್ಚಿಗೆ ಬಾಟಲಿ ಕೊಂಡುಕೊಳ್ಳಿ. ನಮ್ಮ ಊರಿನ ಸುತ್ತಮುತ್ತ ಯಾವ ಅಂಗಡಿಯಲ್ಲೂ ಈ ಔಷಧ ಸಿಗಲಿಲ್ಲ. ಸ್ಟೀರಾಯ್ಡ್ ಹನಿ ಮಾತ್ರ ಕೇಳಿದ ಕಡೆಯೆಲ್ಲ ಸಿಗುತ್ತದೆ!

ಕಣ್ಣಿಗೆ ಬಟ್ಟೆ ಕಟ್ಟಬೇಕೆಂದು ಅವ್ವನ ಹಟ. ಬೆಳಕು ತಡೆಯಲು ಆಗುವುದಿಲ್ಲವಲ್ಲ. ಕಟ್ಟಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮುಚ್ಚಿದ ಬೆಚ್ಚನೆ ಜಾಗದಲ್ಲಿ ಸೋಂಕು ಇನ್ನೂ ಬೆಳೆಯುತ್ತದೆ, ಗಂಟೆಗಂಟೆಗೆ ಹನಿ ಹಾಕಲೂ ಆಗುವುದಿಲ್ಲ. ಕಪ್ಪು ಕನ್ನಡಕ ಕೊಡಿಸಿದೆ. ಒಲೆಯ ಹೊಗೆ ಬೇಡ, ತಲೆಗೆ ನೀರು ಬೇಡ, ಕಣ್ಣು ಉಜ್ಜುವುದಂತೂ ಬೇಡವೇ ಬೇಡ.

ರಾತ್ರಿ ಒಂದು ಹನಿ ಮತ್ತು ಮುಂದಿನ ಹನಿಯ ನಡುವೆ ನಿದ್ದೆ ಬಾರದೆ ಮೊಬೈಲಿನಲ್ಲಿ ಇದರ ಬಗ್ಗೆಯೇ ಓದುತ್ತಿದ್ದೆ. ಇದು ನಮ್ಮವ್ವನೊಬ್ಬಳ ಕಥೆಯಲ್ಲ ಎಂದು ಆಗ ಗೊತ್ತಾಗಿದ್ದು. ತಮಿಳುನಾಡಿನ ಮಧುರೈ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಲೆಕ್ಕ ಹಾಕಿದಾಗ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 113 ಮಂದಿಗೆ ಕಾರ್ನಿಯಾದಲ್ಲಿ ಹುಣ್ಣು ಆಗುತ್ತಿತ್ತು, ಅಮೆರಿಕದ ಒಂದು ಕೌಂಟಿಯ ಲೆಕ್ಕದ ಹತ್ತು ಪಟ್ಟು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಒಂದು ಲೇಖನ, ಕಣ್ಣಿನ ಪೆಟ್ಟು ಮತ್ತು ಹುಣ್ಣಿನಿಂದ ಜಗತ್ತಿನಲ್ಲಿ ವರ್ಷಕ್ಕೆ 15ರಿಂದ 20 ಲಕ್ಷ ಜನ ಒಂದು ಕಣ್ಣು ಕಳೆದುಕೊಳ್ಳುತ್ತಾರೆ ಎಂದು ಅಂದಾಜು ಮಾಡಿತ್ತು. ನಾವು ಬಿಡುತ್ತಿದ್ದ ನಾಟಾಮೈಸಿನ್ ಹಳೇ ಔಷಧ. ಹೊಸದೂ ದುಬಾರಿಯೂ ಆದ ವೊರಿಕೊನಜೋಲ್ ಹನಿಯ ಎದುರು ಅದನ್ನು ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ಅಮೆರಿಕದವರ ಜೊತೆ ಸೇರಿ ಪರೀಕ್ಷಿಸಿದ್ದಾರೆ. 2013ರಲ್ಲಿ ಫಲಿತಾಂಶ ಬಂತು. ಗೆದ್ದದ್ದು ಹಳೇ ನಾಟಾಮೈಸಿನ್, ಅದರಲ್ಲೂ ಫ್ಯುಸೇರಿಯಂ ಇದ್ದವರಲ್ಲಿ. ನಡುರಾತ್ರಿಯಲ್ಲಿ ಅದನ್ನು ಓದಿದಾಗ ಕೈಯಲ್ಲಿದ್ದ ಬಾಟಲಿಯ ಮೇಲೆ ಸ್ವಲ್ಪ ನಂಬಿಕೆ ಬಂತು.

ನನಗೆ ಹೆಚ್ಚು ಹಿಡಿಸಿದ್ದು ನೇಪಾಳದ ಭಕ್ತಪುರದ್ದು. ಅಲ್ಲಿ ಡಾ. ಮದನ್ ಉಪಾಧ್ಯಾಯ ಅವರ ತಂಡ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಕಣ್ಣಿಗೆ ಏನಾದರೂ ಬಡಿದರೆ ಜನ ಮೊದಲು ಇವರ ಹತ್ತಿರ ಬರಬೇಕು. ಇವರು ಅದೇ ಕಿತ್ತಳೆ ಪಟ್ಟಿ, ನೀಲಿ ಟಾರ್ಚಿನಿಂದ ನೋಡಿ, ಗೀರು ಕಂಡರೆ ಮೂರು ದಿನ ಆಂಟಿಬಯಾಟಿಕ್ ಮುಲಾಮು ಹಚ್ಚಬೇಕು. ಹೀಗೆ 442 ಮಂದಿಗೆ ಗೀರು ಆಗಿದ್ದರಲ್ಲಿ 96 ಶೇಕಡಾ ಸೋಂಕಿಲ್ಲದೆ ವಾಸಿಯಾಯಿತು. ಗೀರು ಬಿದ್ದು 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣು ಆಗಲಿಲ್ಲ. ಮುಂದೆ ನೇಪಾಳದಲ್ಲೇ ಇದನ್ನು ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗ ಇಂಥ ಕಾರ್ಯಕರ್ತರಿದ್ದ ಊರುಗಳಿಗೂ ಇಲ್ಲದ ಊರುಗಳಿಗೂ ಒಟ್ಟು ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮುಲಾಮು ಹಂಚಿದರೆ ಕಥೆ ಮುಗಿಯಿತು ಅಂತ ನಾನು ಹೇಳುವುದಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಆ 18 ಗಂಟೆ. ನಮ್ಮವ್ವನಿಗೆ ಅಷ್ಟರಲ್ಲಿ ಹರಳೆಣ್ಣೆ ಮಾತ್ರ ಸಿಕ್ಕಿತ್ತು.

ಚಿಕಿತ್ಸೆ ಶುರುವಾದ ಮೇಲೂ ಮೊದಲ ವಾರ ಏನೂ ಸುಧಾರಿಸಿದ ಹಾಗೆ ಕಾಣಲಿಲ್ಲ. ಡಾಕ್ಟರು ಪ್ರತಿ ಸಲ ಕೇಸ್ ಶೀಟಿನಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಹುಣ್ಣಿನ ಆಕಾರವನ್ನು ಬಣ್ಣದ ಪೆನ್ಸಿಲಿನಿಂದ ತುಂಬಿ, ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಳತೆ ಹಾಕುತ್ತಿದ್ದರು. ನಾನು ಹಿಂದಿನ ಪುಟದ ಚಿತ್ರವನ್ನು ಕದ್ದು ನೋಡಿ ಹೋಲಿಸುತ್ತಿದ್ದೆ. ಅಷ್ಟೇ ಇದೆಯಲ್ಲ ಎಂದರೆ, "ಹೆಚ್ಚಾಗಿಲ್ಲ ಅನ್ನೋದೇ ಒಳ್ಳೆ ಸುದ್ದಿ" ಎನ್ನುತ್ತಿದ್ದರು. ಒಂದು ಸಲ ಹುಣ್ಣಿನ ಮೇಲ್ಪದರವನ್ನು ಮತ್ತೆ ಕೆರೆದರು. ನಾಟಾಮೈಸಿನ್ ಆಳಕ್ಕೆ ಸುಲಭವಾಗಿ ಇಳಿಯುವ ಔಷಧವಲ್ಲ, ಮೇಲಿನ ಕಸ ತೆಗೆದರೆ ದಾರಿಯಾಗುತ್ತದೆ. ಅವರ ಹೆದರಿಕೆ ಇದ್ದದ್ದು ಕಾರ್ನಿಯಾ ಕರಗಿ ತೂತಾದರೆ ಎಂದು. ಹಾಗಾದರೆ ಕಣ್ಣನ್ನು ಉಳಿಸಲಿಕ್ಕಾದರೂ ತುರ್ತಾಗಿ ಬೇರೆ ಕಾರ್ನಿಯಾ ಹಾಕಬೇಕಾಗುತ್ತದೆ, ಸೋಂಕು ಇರುವಾಗ ಹಾಕಿದ ಕಾರ್ನಿಯಾ ತಿಳಿಯಾಗಿ ಉಳಿಯುವ ಸಾಧ್ಯತೆ ಕಡಿಮೆ. ಪಕ್ಕದ ಮಂಚದಲ್ಲಿದ್ದ ಒಬ್ಬ ಹಿರಿಯರಿಗೆ ಹಾಗೇ ಆಗಿತ್ತು. ಅವರ ಕಣ್ಣಿಗೆ ಬಡಿದದ್ದು ಕಬ್ಬಿನ ರವದಿ. ಅವರ ಮಗ ನನ್ನ ಹತ್ತಿರ ಮಾತಾಡಿದ್ದೆಲ್ಲ ಮೆಡಿಕಲ್ ಶಾಪಿನ ಹನಿಯ ಬಗ್ಗೆ. ಅದೇ ಕಥೆ, ಊರು ಮಾತ್ರ ಬೇರೆ.

ಆಮೇಲೆ ನಿಧಾನವಾಗಿ ಬದಲಾವಣೆ ಕಂಡಿತು. ಮೊದಲು ಕೀವಿನ ಗೆರೆ ಹೋಯಿತು. ಎಳೆ ಎಳೆಯಾಗಿದ್ದ ಅಂಚು ದುಂಡಗಾಯಿತು. ಒಂದು ಬೆಳಗ್ಗೆ ಅವ್ವ ತಾನಾಗಿ ಕಿಟಕಿಯ ಪರದೆ ಸರಿಸಿ, "ಅದೇನು ಎದುರು ಮನಿಯಾಕಿ ಇನ್ನೂ ಕಸ ಹೊಡೆದಿಲ್ಲ" ಎಂದಳು. ಬೆಳಕಿಗೆ ಕಣ್ಣು ಬಿಟ್ಟಿದ್ದಳು. ಹನಿ ಗಂಟೆಗೊಂದರಿಂದ ಎರಡು ಗಂಟೆಗೊಂದಕ್ಕೆ, ಆಮೇಲೆ ದಿನಕ್ಕೆ ಆರಕ್ಕೆ ಇಳಿಯಿತು. ಆದರೆ ಡಾಕ್ಟರು ಹೇಳುವವರೆಗೂ ನಿಲ್ಲಿಸುವಂತಿಲ್ಲ. ನೋವು ಹೋಯಿತೆಂದು ಬಿಟ್ಟವರಿಗೆ ಮತ್ತೆ ಮರುಕಳಿಸುತ್ತದೆ. ನಮಗೆ ಪೂರ್ತಿ ಮುಗಿಯಲು ತಿಂಗಳುಗಳೇ ಹಿಡಿದವು.

ಈ ತಿಂಗಳುಗಳಲ್ಲಿ ಅವ್ವನನ್ನು ಸುಮ್ಮನೆ ಕೂರಿಸುವುದೇ ದೊಡ್ಡ ಕೆಲಸವಾಗಿತ್ತು. ಜೋಳ ಮುರಿದು ರಾಶಿಯಾಯಿತಾ, ಕೂಲಿಯವರಿಗೆ ಎಷ್ಟು ಕೊಟ್ಟಿರಿ, ಎಮ್ಮೆ ಹಾಲು ಹಿಂಡಗೊಡುತ್ತದಾ ಎಂದು ದಿನಾ ಫೋನು. ಊರಿನಲ್ಲಿ ಕೆಲವರು, "ಕಣ್ಣಾಗ ಹೂ ಬಿದ್ದ ಮ್ಯಾಲ ಮುಗೀತು, ಯಾಕ ರೊಕ್ಕ ಹಾಳು ಮಾಡ್ತೀರಿ" ಎಂದರಂತೆ. ಅಣ್ಣ ಅವರಿಗೆ ಏನೂ ಹೇಳಲಿಲ್ಲ. ಆದರೆ ಆ ವರ್ಷ ಒಕ್ಕಲಾಟದ ಮಿಷನ್ ಬಂದ ದಿನ ಎಲ್ಲರಿಗೂ ಅಗ್ಗದ ಪ್ಲಾಸ್ಟಿಕ್ ಕನ್ನಡಕ ತಂದು ಹಂಚಿದ. ಹೆಂಗಸರು ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಬೆವರಿಗೆ ಮಂಜು ಕಟ್ಟುತ್ತದೆ ಎಂದು ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ತೆಗೆದಿಟ್ಟರು. ಇನ್ನರ್ಧ ಜನ ಹಾಕಿಕೊಂಡೇ ಇದ್ದರು. ಪರವಾಗಿಲ್ಲ ಅನ್ನಿಸಿತು.

ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ಕಣ್ಣಿನ ಶಿಬಿರ ಅಂದರೆ ನಮ್ಮಲ್ಲಿ ಪೊರೆ ಆಪರೇಷನ್ ಅಷ್ಟೇ. ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಲಾಗಿ ಆಪರೇಷನ್ ಮಾಡುತ್ತಿದ್ದ ಕಾಲದಿಂದ ಕರ್ನಾಟಕದ ಹಳ್ಳಿಗಳಿಗೆ ಪೊರೆ ಬಗ್ಗೆ ಗೊತ್ತು. ವಯಸ್ಸಾದ ಮೇಲೆ ಕಣ್ಣು ಮಂಜಾದರೆ ಎಲ್ಲಿಗೆ ಹೋಗಬೇಕು ಅಂತ ನಮ್ಮಜ್ಜಿಗೂ ಗೊತ್ತಿತ್ತು. ಮಕ್ಕಳ ರೆಪ್ಪೆಯ ಒಳಗೆ ಕೂತು ಮುಂದೆ ಕುರುಡು ಮಾಡುತ್ತಿದ್ದ ಟ್ರಕೋಮ ಎಂಬ ಸೋಂಕನ್ನೂ ದೇಶ ಹಿಮ್ಮೆಟ್ಟಿಸಿದೆ. ಅದು ಭಾರತದಲ್ಲಿ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಹೊಲದಲ್ಲಿ ಕಣ್ಣಿಗೆ ಗೀರು ಬಿದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಗೋಡೆ ಮೇಲೆ ಬರೆದಿಲ್ಲ. ಪೊರೆ ತೆಗೆದು ಲೆನ್ಸ್ ಹಾಕಿದರೆ ದೃಷ್ಟಿ ವಾಪಸ್ ಬರುತ್ತದೆ. ಕಾರ್ನಿಯಾ ಮೇಲಿನ ಕಲೆ ಹಾಗಲ್ಲ. ದೇಶದಲ್ಲಿ 50 ವರ್ಷದ ಒಳಗಿನವರ ಅಂಧತ್ವಕ್ಕೆ ಮೊದಲ ಕಾರಣವೇ ಕಾರ್ನಿಯಾದ ಕಲೆ ಎಂದು 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ದುಡಿಯುವ ವಯಸ್ಸಿನ ಜನ ಇವರು.

ಹಾಗಾಗಿ ಊರಿಗೆ ಹೋದಾಗ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ. ಕಣ್ಣಿಗೆ ಗರಿ, ಹೊಟ್ಟು, ಮುಳ್ಳು, ಎತ್ತಿನ ಬಾಲ, ಏನೇ ಬಡಿಯಲಿ, ಉಜ್ಜಬೇಡಿ. ಕುಡಿಯುವ ನೀರಿನಿಂದ ತೊಳೆಯಿರಿ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದೂ ಬೇಡ, ನಾಲಿಗೆಯಿಂದ ಕಸ ತೆಗೆಯುವವರ ಹತ್ತಿರವೂ ಬೇಡ. ಚುಚ್ಚಿದ ಹಾಗೆ ಅನ್ನಿಸುವುದು, ನೀರು, ಕೆಂಪು ಮರುದಿನವೂ ಇದ್ದರೆ ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ. ಬಿಳಿ ಚುಕ್ಕೆ ಕಂಡರೆ ಆ ಹೊತ್ತಿಗೇ ಹೊರಡಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕಣ್ಣಿನ ಹನಿ ಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ ಇದ್ದರೆ ಸಣ್ಣ ಅಕ್ಷರ ಓದಿ ನೋಡಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಇಂಥ ಹೆಸರು ಕಂಡರೆ ಪೆಟ್ಟು ಬಿದ್ದ ಕಣ್ಣಿಗೆ ಅದನ್ನು ಹಾಕಬೇಡಿ. ಪಕ್ಕದ ಮನೆಯವರಿಗೆ ಕಣ್ಣು ಬಂದಾಗ ತಂದ ಹನಿಯನ್ನು ಎರವಲು ತರಲೂಬೇಡಿ. ನಮ್ಮ ಕಡೆ ಹೆಪ್ಪು ಎರವಲು ತಂದ ಹಾಗೆ ಹನಿಯನ್ನೂ ತರುತ್ತಾರೆ.

ಈಗ ಅವ್ವನ ಕಣ್ಣಿನಲ್ಲಿ ಸೋಂಕಿಲ್ಲ. ಕಲೆ ಉಳಿದಿದೆ. ಪಾಪೆಯ ಕೆಳಗಿನ ಅಂಚನ್ನು ಸ್ವಲ್ಪ ಮುಚ್ಚುತ್ತದೆ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಕೆಲವು ಸಾಲು ಓದುತ್ತಾಳೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಬಸ್ಸಿನ ಬೋರ್ಡು ಇನ್ನೊಂದು ಕಣ್ಣಿನಿಂದ ಓದುತ್ತಾಳೆ. ಬೇಕಾದರೆ ಮುಂದೆ ಕಾರ್ನಿಯಾ ಕಸಿ ಮಾಡಬಹುದು, ಅವಸರವಿಲ್ಲ, ಕಣ್ಣು ಪೂರ್ತಿ ಶಾಂತವಾಗಲಿ ಎಂದಿದ್ದಾರೆ. ಯಾರದ್ದೋ ಕಣ್ಣು ತನಗೆ ಹಾಕುತ್ತಾರೆ ಎಂದು ಅವ್ವ ಮೊದಲು ಹೆದರಿದ್ದಳು. ಅಪ್ಪು ಕಥೆ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾದಳು. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಹೋದಾಗ ಅವರ ಕಣ್ಣು ದಾನ ಮಾಡಿದ್ದು ಅವಳಿಗೂ ನೆನಪಿತ್ತು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳ ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ ಹಾಕಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು ಎಂದೆ. "ಇಡೀ ಕಣ್ಣು ಕಿತ್ತು ಹಾಕೂದಿಲ್ಲೇನು ಹಂಗಾರ?" ಎಂದು ಕೇಳಿದಳು. ಇಲ್ಲ, ಆ ಗಾಜಿನಂಥ ಪೊರೆ ಮಾತ್ರ ಎಂದೆ. ಸತ್ತ 6 ಗಂಟೆಯೊಳಗೆ ತೆಗೆಯಬೇಕು, ಕನ್ನಡಕ ಹಾಕಿದವರೂ ಕೊಡಬಹುದು, ಪೊರೆ ಆಪರೇಷನ್ ಆದವರೂ ಕೊಡಬಹುದು ಎಂದದ್ದಕ್ಕೆ, ಹಾಗಾದರೆ ತನ್ನ ಚೆನ್ನಾಗಿರುವ ಕಣ್ಣನ್ನು ಕೊಡುತ್ತೇನೆ, ಬರೆಸು ಎಂದಳು. ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇವೆ. ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಅವರೇ ತಾನೆ.

ಬ್ಯಾಡಗಿ ಮೆಣಸಿನಕಾಯಿ ಸೀಸನ್ ಶುರುವಾದಾಗ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಲಾ ಎಂದು ಡಾಕ್ಟರನ್ನು ಕೇಳಿದಳು. ಆ ಘಾಟು, ದೂಳು ಬೇಡವೇ ಬೇಡ, ಈ ವರ್ಷ ಬಿಡಿ ಎಂದರು. ಹೊರಗೆ ಬಂದು ನನಗೆ, "ಮೆಣಸಿನಕಾಯಿ ಬ್ಯಾಡ ಅಂದಾರ, ಶೇಂಗಾ ಬಿಡಿಸಬ್ಯಾಡ ಅಂದಿಲ್ಲಲ್ಲ" ಎಂದಳು. ಮುಂದಿನ ತಪಾಸಣೆ ಯುಗಾದಿ ಆದ ಮೇಲೆ. ಶೇಂಗಾ ವಿಷಯವನ್ನೂ ಆಗ ನಾನೇ ಕೇಳುತ್ತೇನೆ, ಅವಳ ಎದುರಿಗೇ.